ಏಜೆಂಟ್ ಓದುವ ಡಾಕ್ಯುಮೆಂಟೇಶನ್: ಫೈಲ್ ಮೂವ್ ಮಾಡುವ ಒಂದು ಟೂಲಿನ ಕಥೆ

ಎಐ ಏಜೆಂಟ್‌ಗಳ, ಅಂದರೆ ಹೇಳಿದ ಕೆಲಸವನ್ನು ತಾವೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಮ್‌ಗಳ, ಬಳಕೆಗೆಂದು ನಮ್ಮ ತಂಡದಲ್ಲಿ ಕೆಲವು ಫೈಲ್ ಟೂಲ್‌ಗಳನ್ನು ಮಾಡಿದ್ದರು. ಓದೋದಕ್ಕೆ ಒಂದು, ಬರೆಯೋದಕ್ಕೆ ಒಂದು, ಹುಡುಕೋದಕ್ಕೆ ಒಂದು, ಮೂವ್ ಮಾಡೋದಕ್ಕೆ ಒಂದು. ಕೋಡ್ ಬರೆದವರು ಬೇರೆಯವರು. ಡಾಕ್ಯುಮೆಂಟೇಶನ್ ನನ್ನ ಪಾಲಿಗೆ ಬಂತು. ಮೂವ್ ಟೂಲನ್ನು ಮೊದಲು ಕೈಗೆತ್ತಿಕೊಂಡೆ.

ಆಗ ಅದಕ್ಕಿದ್ದ ವಿವರಣೆ ಒಂದೇ ಸಾಲು: "ಫೈಲನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಮೂವ್ ಮಾಡುತ್ತದೆ." ಎರಡು ಪ್ಯಾರಾಮೀಟರ್, ಸೋರ್ಸ್ (ಫೈಲ್ ಈಗಿರುವ ಜಾಗ) ಮತ್ತು ಡೆಸ್ಟಿನೇಶನ್ (ಹೋಗಬೇಕಾದ ಜಾಗ). ಒಳಗೆ ಪೈಥಾನ್‌ನ ಶಟಿಲ್ ಮಾಡ್ಯೂಲಿನ ಮೂವ್ ಫಂಕ್ಷನ್ನನ್ನು ಕರೆಯುವ ನಾಲ್ಕೈದು ಸಾಲು ಕೋಡ್. ಮನುಷ್ಯರಿಗೆ ಬರೆಯುವುದಾಗಿದ್ದರೆ ಆ ಒಂದು ಸಾಲಿಗೆ ಎರಡು ಉದಾಹರಣೆ ಸೇರಿಸಿ ಮುಂದಿನ ಟೂಲಿಗೆ ಹೋಗುತ್ತಿದ್ದೆ.

ಆದರೆ ಇಲ್ಲಿ ಓದುವವರು ಬೇರೆ. ಈ ಟೂಲ್‌ಗಳು ಏಜೆಂಟಿಗೆ ಸಿಗುವುದು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಮೂಲಕ, ಅಂದರೆ ಟೂಲ್‌ಗಳನ್ನು ಎಐಗೆ ಜೋಡಿಸುವ ಒಂದು ಸಾಮಾನ್ಯ ಪದ್ಧತಿಯ ಮೂಲಕ. ಎಂಸಿಪಿ ಅಂತ ಕರೆಯುವ ಇದನ್ನು ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಇದರಲ್ಲಿ ಪ್ರತಿ ಟೂಲ್ ತನ್ನ ಹೆಸರು ಹೇಳುತ್ತದೆ, ತಾನು ಏನು ಮಾಡುತ್ತೇನೆ ಅನ್ನುವ ವಿವರಣೆ ಕೊಡುತ್ತದೆ, ಯಾವ ಇನ್‌ಪುಟ್ ಬೇಕು ಅನ್ನುವುದನ್ನು ಜೇಸನ್ ಸ್ಕೀಮಾ ಅನ್ನುವ ನಿಗದಿತ ರೂಪದಲ್ಲಿ ತಿಳಿಸುತ್ತದೆ. ಏಜೆಂಟಿನ ಒಳಗಿರುವ ಎಐ ಮಾಡೆಲಿಗೆ ಕಾಣುವುದು ಹೆಚ್ಚುಕಮ್ಮಿ ಇಷ್ಟೇ. ಕೋಡ್ ಕಾಣುವುದಿಲ್ಲ. ನಾವು ಬೇರೆಲ್ಲೋ ಬರೆದಿಟ್ಟ ಕೈಪಿಡಿ ಕಾಣುವುದಿಲ್ಲ. "ಇದು ಓವರ್‌ರೈಟ್ ಮಾಡುತ್ತಾ, ಇರುವ ಫೈಲನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತಾ?" ಅಂತ ಪಕ್ಕದವರನ್ನು ಕೇಳುವ ಹಾಗೂ ಇಲ್ಲ. ಹೊಸ ಟೂಲ್ ಸಿಕ್ಕರೆ ನಾವು ಮೊದಲು ಯಾವುದಾದರೂ ಬೇಡದ ಫೈಲ್ ಮೇಲೆ ಪ್ರಯೋಗ ಮಾಡಿ ನೋಡುತ್ತೇವೆ. ಏಜೆಂಟ್ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ವಿವರಣೆ ಓದಿ, ಅದನ್ನು ನಂಬಿ, ಬಳಕೆದಾರರ ನಿಜವಾದ ಫೈಲಿಗೇ ಕೈ ಹಾಕುತ್ತದೆ.

ಜೊತೆಗೆ ಏಜೆಂಟ್ ಏನೂ ತಿಳಿಯದೆ ಬಂದಿರುವುದಿಲ್ಲ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಫೈಲ್ ಮೂವ್ ಮಾಡುವ ಎಂವಿ ಕಮಾಂಡ್ ಬಗ್ಗೆ ಜನ ಬರೆದದ್ದನ್ನು ಸಾಕಷ್ಟು ಓದಿಕೊಂಡೇ ಬಂದಿರುತ್ತದೆ. ನಮ್ಮ ವಿವರಣೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಎಂವಿ ಹೇಗೆ ಮಾಡುತ್ತದೋ ಇದೂ ಹಾಗೇ ಅಂತ ತಿಳಿದುಕೊಳ್ಳುತ್ತದೆ. ಹಾಗಾಗಿ ಎಂವಿಯಂತೆ ನಡೆಯುವ ಕಡೆ ಜಾಸ್ತಿ ಹೇಳಬೇಕಿಲ್ಲ, ಬೇರೆ ಥರ ನಡೆಯುವ ಕಡೆ ಬಿಡಿಸಿ ಹೇಳಬೇಕು. ಹಾಗಂತ ಪುಟಗಟ್ಟಲೆ ಬರೆಯುವ ಹಾಗೂ ಇಲ್ಲ. ಟೂಲನ್ನು ಬಳಸಲಿ ಬಿಡಲಿ, ಅದರ ವಿವರಣೆ ಸಾಮಾನ್ಯವಾಗಿ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಂದು ಸಲಕ್ಕೆ ನೋಡಬಲ್ಲ ಪಠ್ಯದಲ್ಲಿ, ಜಾಗ ಹಿಡಿಯುತ್ತದೆ. ಟೋಕನ್ (ಮಾಡೆಲ್ ಓದುವ ಪಠ್ಯವನ್ನು ಅಳೆಯುವ ತುಣುಕು) ಖರ್ಚಾಗುತ್ತದೆ. ಟೂಲ್‌ಗಳ ಸಂಖ್ಯೆ ಜಾಸ್ತಿ ಆದಷ್ಟೂ ಇದು ಭಾರವಾಗುತ್ತದೆ.

ಬರೆಯುವ ಮುಂಚೆ ನೋಡೋಣ ಅಂತ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ, ಅದರಲ್ಲಿ ಸುಮ್ನೆ ತಯಾರಿಸಿದ ವರದಿ ಫೈಲ್‌ಗಳನ್ನು ಹಾಕಿ, ಏಜೆಂಟಿಗೆ ಕೆಲಸ ಕೊಟ್ಟೆ: "ಹಳೆಯ ವರದಿಗಳನ್ನೆಲ್ಲ ಆರ್ಕೈವ್ ಫೋಲ್ಡರಿಗೆ ಹಾಕು." ಆರ್ಕೈವ್ ಅನ್ನುವ ಫೋಲ್ಡರ್ ಇನ್ನೂ ಇರಲಿಲ್ಲ. ಬೇಕೆಂದೇ ಮಾಡಿರಲಿಲ್ಲ.

ಏಜೆಂಟ್ ಮೊದಲ ವರದಿಯನ್ನು ಸೋರ್ಸ್ ಅಂತ ಕೊಟ್ಟು, ಡೆಸ್ಟಿನೇಶನ್ ಜಾಗದಲ್ಲಿ "ಆರ್ಕೈವ್" ಅಂತ ಹಾಕಿತು. ಅಂಥ ಫೋಲ್ಡರ್ ಇಲ್ಲವಾದ್ದರಿಂದ ಟೂಲ್ ಆ ಫೈಲಿನ ಹೆಸರನ್ನೇ "ಆರ್ಕೈವ್" ಅಂತ ಬದಲಿಸಿತು. ಯಶಸ್ವಿ ಅಂತ ಉತ್ತರ ಬಂತು. ಏಜೆಂಟ್ ಎರಡನೇ ವರದಿಯನ್ನೂ ಹಾಗೇ ಕಳಿಸಿತು. ಅದು ಮೊದಲನೆಯದರ ಮೇಲೆ ಹೋಗಿ ಕೂತಿತು. ಮತ್ತೆ ಯಶಸ್ವಿ. ಮೂರನೆಯದು ಎರಡನೆಯದರ ಮೇಲೆ. ಪ್ರತಿ ಸಲವೂ ಯಶಸ್ವಿ. ಎಲ್ಲ ಮುಗಿದ ಮೇಲೆ ಏಜೆಂಟ್ "ಎಲ್ಲ ವರದಿಗಳನ್ನೂ ಆರ್ಕೈವ್ ಫೋಲ್ಡರಿಗೆ ಮೂವ್ ಮಾಡಿದ್ದೇನೆ" ಅಂತ ಹೇಳಿತು. ಡಿಸ್ಕ್‌ನಲ್ಲಿ ಉಳಿದಿದ್ದು ಎಕ್ಸ್‌ಟೆನ್ಶನ್ ಇಲ್ಲದ "ಆರ್ಕೈವ್" ಅನ್ನುವ ಒಂದೇ ಒಂದು ಫೈಲ್. ಒಳಗೆ ಕೊನೆಯ ವರದಿ. ಮಿಕ್ಕಿದ್ದೆಲ್ಲ ಹೋಗಿತ್ತು. ಎಲ್ಲೂ ಒಂದು ಎರರ್ ಬಂದಿರಲಿಲ್ಲ.

ಟೂಲ್ ಬರೆದ ಸಹೋದ್ಯೋಗಿಗೆ ಇದನ್ನು ತೋರಿಸಿದೆ.

"ಎಂವಿನೂ ಹೀಗೇ ಮಾಡುತ್ತಲ್ವಾ?" ಅಂದರು.

"ಮಾಡುತ್ತೆ. ಆದರೆ ಎಂವಿ ಬಳಸೋರು ಎರಡು ಫೈಲ್ ಆದ್ಮೇಲೆ ಒಂದ್ಸಲ ಎಲ್‌ಎಸ್ ಹೊಡೆದು ಫೈಲ್‌ಗಳ ಪಟ್ಟಿ ನೋಡ್ತಾರೆ. ಇದಕ್ಕೆ ನಾವು ಪ್ರತಿ ಸಲವೂ ಯಶಸ್ವಿ ಅಂತ ಹೇಳ್ತಾ ಇದ್ದೀವಿ. ಅದು ಯಾಕೆ ತಿರುಗಿ ನೋಡುತ್ತೆ ಹೇಳಿ?"

"ಸರಿ, ಹಾಗಾದ್ರೆ ಅದನ್ನೇ ವಿವರಣೆಯಲ್ಲಿ ಬರೆದುಬಿಡಿ."

ಬರೆಯಲು ಕೂತೆ. ಬಂದದ್ದು ಇದು: "ಡೆಸ್ಟಿನೇಶನ್ ಈಗಾಗಲೇ ಇರುವ ಫೋಲ್ಡರ್ ಆಗಿದ್ದರೆ ಫೈಲ್ ಅದರೊಳಗೆ ಹೋಗುತ್ತದೆ. ಅಂಥ ಫೋಲ್ಡರ್ ಇಲ್ಲದಿದ್ದರೆ ಡೆಸ್ಟಿನೇಶನ್‌ನ ಕೊನೆಯ ಭಾಗ ಫೈಲಿನ ಹೊಸ ಹೆಸರಾಗುತ್ತದೆ. ಆ ಹೆಸರಿನ ಫೈಲ್ ಮೊದಲೇ ಇದ್ದರೆ ಕೆಲವೊಮ್ಮೆ ಅದು ಅಳಿಸಿಹೋಗುತ್ತದೆ." ಮೂರನೇ ವಾಕ್ಯದಲ್ಲಿ ಸಿಕ್ಕಿಕೊಂಡೆ. ಯಾವಾಗ ಅಳಿಸುತ್ತದೆ, ಯಾವಾಗ ಇಲ್ಲ? ಪೈಥಾನ್‌ನ ಓಎಸ್ ಮಾಡ್ಯೂಲಿನ ರಿನೇಮ್ ಯುನಿಕ್ಸ್‌ನಲ್ಲಿ ಹಳೆಯ ಫೈಲನ್ನು ಸದ್ದಿಲ್ಲದೆ ಅಳಿಸುತ್ತದೆ, ವಿಂಡೋಸ್‌ನಲ್ಲಿ ಎರರ್ ಕೊಡುತ್ತದೆ. ಶಟಿಲ್ ಅದರ ಮೇಲೆ ಕೂತಿದೆ. ಅದು ಮೊದಲು ರಿನೇಮ್ ಪ್ರಯತ್ನಿಸುತ್ತದೆ, ಅದಾಗದಿದ್ದರೆ ನಕಲು ಮಾಡಿ ಮೂಲವನ್ನು ಅಳಿಸುತ್ತದೆ. ಇನ್ನು ಡೆಸ್ಟಿನೇಶನ್ ಫೋಲ್ಡರ್ ಆಗಿದ್ದು ಅದರೊಳಗೆ ಅದೇ ಹೆಸರಿನ ಫೈಲ್ ಇದ್ದರೆ ಓವರ್‌ರೈಟ್ ಆಗುವುದಿಲ್ಲ, ಎರರ್ ಬರುತ್ತದೆ. ಇದನ್ನೆಲ್ಲ ಏಜೆಂಟಿಗೆ ಎರಡು ಸಾಲಿನಲ್ಲಿ ಹೇಗೆ ಹೇಳೋದು? ಹೇಳಿದರೂ ಅದು ಪ್ರತಿ ಸಲ ಮೂವ್ ಮಾಡುವ ಮುಂಚೆ ಫೋಲ್ಡರ್ ಇದೆಯೇ, ಫೈಲ್ ಇದೆಯೇ, ಯಾವ ಆಪರೇಟಿಂಗ್ ಸಿಸ್ಟಮ್ ಅಂತ ನೋಡಿಕೊಂಡು ಬರಬೇಕು.

ಇಲ್ಲಿಂದ ಮುಂದೆ ನನ್ನ ಕೆಲಸದ ಸ್ವರೂಪವೇ ಬದಲಾಯಿತು. ವಾಕ್ಯ ನೇರವಾಗಿ ಬರದೆ ಇರುವ ಕಡೆಯೆಲ್ಲ ಟೂಲಿನಲ್ಲೇ ಏನೋ ತೀರ್ಮಾನವಾಗದೆ ಉಳಿದಿತ್ತು. ವಿವರಣೆಯಲ್ಲಿ "ಕೆಲವೊಮ್ಮೆ" ಅಂತ ಬಂದ ಜಾಗವನ್ನೆಲ್ಲ ಗುರುತು ಹಾಕಿಕೊಂಡು ಸಹೋದ್ಯೋಗಿಯ ಹತ್ತಿರ ಹೋಗುತ್ತಿದ್ದೆ. ಅವರು ಕೋಡ್ ತಿದ್ದುತ್ತಿದ್ದರು, ನಾನು ವಾಕ್ಯ ಚಿಕ್ಕದು ಮಾಡುತ್ತಿದ್ದೆ. ಅವರಿಗೂ ಇದು ಹಿಡಿಸಿತು ಅನ್ನುವುದು ನನಗೆ ದೊಡ್ಡ ಸಮಾಧಾನ.

ಮೊದಲು ತೀರ್ಮಾನಿಸಿದ್ದು ಡೆಸ್ಟಿನೇಶನ್ ಬಗ್ಗೆ. ಫೋಲ್ಡರ್ ಕೊಟ್ಟರೆ ಒಂದು ಅರ್ಥ, ಹೆಸರು ಕೊಟ್ಟರೆ ಇನ್ನೊಂದು ಅರ್ಥ ಅನ್ನುವುದನ್ನು ತೆಗೆದುಹಾಕಿದೆವು. ಈಗ ಡೆಸ್ಟಿನೇಶನ್ ಅಂದರೆ ಫೈಲಿನ ಹೆಸರೂ ಸೇರಿದ ಪೂರ್ತಿ ಹೊಸ ಪಾತ್, ಅಂದರೆ ಫೈಲಿನ ಪೂರ್ತಿ ವಿಳಾಸ. ಅಲ್ಲಿ ಫೋಲ್ಡರ್ ಇದ್ದರೆ ಒಳಗೆ ಹಾಕುವುದಿಲ್ಲ, ಎರರ್ ಕೊಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಗ್ನೂ ಎಂವಿಯಲ್ಲಿ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಹೆಚ್ಚುಕಮ್ಮಿ ಇದೇ ನಡವಳಿಕೆ ಸಿಗುತ್ತದೆ, ಆದರೆ ಅದನ್ನು ಬಳಸುವವರು ಕಡಿಮೆ. ಟೈಪ್ ಮಾಡುವ ಮನುಷ್ಯರಿಗೆ ಹೆಸರನ್ನು ಎರಡನೇ ಸಲ ಬರೆಯುವುದು ಬೇಜಾರು, ಅದಕ್ಕೇ ಎಂವಿಗೆ ಆ ಅನುಕೂಲ ಬೇಕು. ಏಜೆಂಟಿಗೆ ಆ ಬೇಜಾರಿಲ್ಲ. ಹಾಗಾಗಿ ಆ ಅನುಕೂಲವನ್ನು ಕೈಬಿಡೋದು ಕಷ್ಟವಾಗಲಿಲ್ಲ.

ಎರಡನೆಯದು ಓವರ್‌ರೈಟ್. "ಡೆಸ್ಟಿನೇಶನ್‌ನಲ್ಲಿ ಏನಾದರೂ ಇದ್ದರೆ ಮೂವ್ ಆಗುವುದಿಲ್ಲ. ಇರುವ ಫೈಲನ್ನು ಈ ಟೂಲ್ ಎಂದಿಗೂ ಅಳಿಸುವುದಿಲ್ಲ" ಅಂತ ಬರೆದೆ. ಓದಲು ಚೆನ್ನಾಗಿತ್ತು. ಆದರೆ ಎಂದಿಗೂ ಅಂತ ಬರೆದ ಮೇಲೆ ಅದು ನಿಜ ಇರಬೇಕಲ್ಲ. ಕೋಡಿನಲ್ಲಿ ಮೊದಲು "ಫೈಲ್ ಇದೆಯೇ" ಅಂತ ನೋಡಿ, ಇಲ್ಲದಿದ್ದರೆ ಮೂವ್ ಮಾಡುವ ಎರಡು ಹೆಜ್ಜೆ ಇತ್ತು. ಒಬ್ಬರೇ ಕೂತು ಕೆಲಸ ಮಾಡುವಾಗ ಆ ಎರಡು ಹೆಜ್ಜೆಯ ನಡುವೆ ಏನೂ ಆಗುವುದಿಲ್ಲ. ಏಜೆಂಟ್‌ಗಳ ವಿಷಯ ಹಾಗಲ್ಲ. ಒಂದೇ ಫೋಲ್ಡರಿನಲ್ಲಿ ಎರಡು ಏಜೆಂಟ್ ಒಟ್ಟಿಗೆ ಓಡುವುದು, ಒಂದೇ ಏಜೆಂಟ್ ಹಲವು ಟೂಲ್‌ಗಳನ್ನು ಏಕಕಾಲಕ್ಕೆ ಕರೆಯುವುದು ಸಾಮಾನ್ಯ. ನೋಡುವುದಕ್ಕೂ ಮೂವ್ ಮಾಡುವುದಕ್ಕೂ ನಡುವೆ ಇನ್ನೊಂದು ಫೈಲ್ ಬಂದು ಕೂತರೆ ಅದು ಅಳಿಸಿಹೋಗುತ್ತದೆ.

ಲಿನಕ್ಸ್‌ನಲ್ಲಿ ಇದಕ್ಕೆ ಸರಿಯಾದ ದಾರಿ ಇದೆ. ರಿನೇಮ್‌ಅಟ್2 ಅನ್ನುವ ಸಿಸ್ಟಮ್ ಕಾಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗೆ ಪ್ರೋಗ್ರಾಮ್ ಕೊಡುವ ಕರೆ. 2014ರಲ್ಲಿ ಬಂದ ಕರ್ನೆಲ್ 3.15ರಿಂದ ಇದೆ. ಅದಕ್ಕೆ ನೋರಿಪ್ಲೇಸ್ ಅನ್ನುವ ಫ್ಲ್ಯಾಗ್ (ಆಯ್ಕೆ) ಕೊಟ್ಟರೆ "ಇದೆಯೇ ನೋಡು, ಇಲ್ಲದಿದ್ದರೆ ಮಾತ್ರ ಹೆಸರು ಬದಲಿಸು" ಅನ್ನುವುದನ್ನು ಕರ್ನೆಲ್ ಒಂದೇ ಉಸಿರಿನಲ್ಲಿ ಮಾಡುತ್ತದೆ. ನಡುವೆ ಯಾರೂ ನುಸುಳಲು ಆಗುವುದಿಲ್ಲ. ಮ್ಯಾಕ್‌ನಲ್ಲೂ ಇಂಥ ಒಂದು ಕರೆ ಇದೆ. ವಿಂಡೋಸ್‌ನಲ್ಲಿ ಓವರ್‌ರೈಟ್ ಮಾಡು ಅಂತ ಬಿಡಿಸಿ ಹೇಳದಿದ್ದರೆ ಮೂವ್ ಕರೆ ತಾನಾಗಿಯೇ ಸೋಲುತ್ತದೆ. ಆದರೆ ಲಿನಕ್ಸ್‌ನಲ್ಲಿ ಎಲ್ಲ ಫೈಲ್ ಸಿಸ್ಟಮ್‌ಗಳೂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಗಳು) ಆ ಫ್ಲ್ಯಾಗನ್ನು ಒಪ್ಪುವುದಿಲ್ಲ. ಒಪ್ಪದ ಕಡೆ ಏನು ಮಾಡೋದು ಅನ್ನುವುದು ದೊಡ್ಡ ಚರ್ಚೆಯಾಯಿತು. ಹಳೆಯ ಎರಡು ಹೆಜ್ಜೆಯ ದಾರಿಗೆ ಮರಳೋಣ ಅಂತ ಸಹೋದ್ಯೋಗಿ ಅಂದರು. ಹಾಗಾದರೆ "ಎಂದಿಗೂ" ತೆಗೆಯಬೇಕಾಗುತ್ತದೆ ಅಂತ ನಾನು. ಕೊನೆಗೆ ಅಂಥ ಕಡೆ ಟೂಲ್ ಮೂವ್ ಮಾಡುವುದೇ ಇಲ್ಲ, "ಈ ಡಿಸ್ಕ್‌ನಲ್ಲಿ ಸುರಕ್ಷಿತವಾಗಿ ಮೂವ್ ಮಾಡಲು ಆಗುವುದಿಲ್ಲ" ಅಂತ ಹೇಳುತ್ತದೆ ಅಂತ ಆಯಿತು. ಕೆಲವರಿಗೆ ಇದರಿಂದ ತೊಂದರೆ ಆಗುತ್ತದೆ, ಗೊತ್ತು. ಆದರೂ ಈ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಮೂವ್ ಆಗದಿದ್ದರೆ ಬಳಕೆದಾರರು ಬೇರೆ ದಾರಿ ನೋಡಿಕೊಳ್ಳಬಹುದು. ಅಳಿಸಿಹೋದ ಫೈಲಿಗೆ ಬ್ಯಾಕಪ್ ಇರಲಿಲ್ಲ ಅಂದರೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಮೂರನೆಯದು ಬೇರೆ ಬೇರೆ ಡಿಸ್ಕ್‌ಗಳ ನಡುವಿನ ಮೂವ್. ಒಂದೇ ಫೈಲ್ ಸಿಸ್ಟಮ್ ಒಳಗೆ ಮೂವ್ ಅಂದರೆ ಫೈಲಿನ ವಿಷಯ ಕದಲುವುದೇ ಇಲ್ಲ, ಡೈರೆಕ್ಟರಿಯಲ್ಲಿರುವ ಹೆಸರಿನ ನಮೂದು ಮಾತ್ರ ಬದಲಾಗುತ್ತದೆ. ಅದಕ್ಕೇ ಎಷ್ಟು ದೊಡ್ಡ ಫೈಲ್ ಆದರೂ ಕ್ಷಣದಲ್ಲಿ ಮುಗಿಯುತ್ತದೆ. ಬೇರೆ ಫೈಲ್ ಸಿಸ್ಟಮ್‌ಗೆ ಹೋಗುವಾಗ ಕರ್ನೆಲ್ ಇಎಕ್ಸ್‌ಡೆವ್ ಅನ್ನುವ ಎರರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆಗ ಪೂರ್ತಿ ನಕಲು ಮಾಡಿ, ಆಮೇಲೆ ಮೂಲವನ್ನು ಅಳಿಸಬೇಕು. ನಕಲು ಅರ್ಧ ಆಗಿರುವಾಗ ಪ್ರೋಗ್ರಾಮ್ ನಿಂತುಹೋದರೆ ಹೊಸ ಜಾಗದಲ್ಲಿ ಅರ್ಧ ಫೈಲ್, ಅದೂ ಸರಿಯಾದ ಹೆಸರಿನಲ್ಲೇ ಇರುತ್ತದೆ. ಏಜೆಂಟ್ ಅದನ್ನು ನೋಡಿ "ಓ, ಮೂವ್ ಆಗಿದೆ" ಅಂದುಕೊಂಡರೆ ಆಶ್ಚರ್ಯವಿಲ್ಲ. ಹಾಗಾಗಿ ಈಗ ನಕಲು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಆಗುತ್ತದೆ. ಪೂರ್ತಿಯಾದ ಮೇಲೆ ಸರಿಯಾದ ಹೆಸರು ಬರುತ್ತದೆ, ಅದಾದ ಮೇಲೆ ಮೂಲ ಅಳಿಯುತ್ತದೆ. ವಿವರಣೆಯಲ್ಲಿ ಇದಕ್ಕೆ ಒಂದೇ ವಾಕ್ಯ ಸಾಕಾಯಿತು: "ಮೂವ್ ಪೂರ್ತಿಯಾಗದಿದ್ದರೆ ಮೂಲ ಫೈಲ್ ಇದ್ದಲ್ಲೇ ಇರುತ್ತದೆ." ಏಜೆಂಟಿಗೆ ಬೇಕಾದದ್ದು ಅಷ್ಟೇ. ಒಳಗಿನ ಹೆಜ್ಜೆಗಳ ವಿವರ ಮನುಷ್ಯರ ಕೈಪಿಡಿಗೆ ಹೋಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಎರರ್ ಸಂದೇಶಗಳು. ಅವೂ ಡಾಕ್ಯುಮೆಂಟೇಶನ್ನೇ. ವಿವರಣೆಯನ್ನು ಏಜೆಂಟ್ ಕೆಲಸ ಶುರು ಮಾಡುವ ಮುಂಚೆ ಓದುತ್ತದೆ, ಎರರನ್ನು ಸಿಕ್ಕಿಕೊಂಡ ಹೊತ್ತಿನಲ್ಲೇ ಓದುತ್ತದೆ. ಮುಂದೆ ಏನು ಮಾಡುತ್ತದೆ ಅನ್ನುವುದು ಹೆಚ್ಚಾಗಿ ಆ ಸಂದೇಶದ ಮೇಲೇ ನಿಂತಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಸೋರ್ಸ್ ಫೈಲ್ ಇಲ್ಲದಿದ್ದರೆ ಸಿಸ್ಟಮ್ ಕೊಡುವ ಎರರ್ "ಅಂಥ ಫೈಲ್ ಅಥವಾ ಡೈರೆಕ್ಟರಿ ಇಲ್ಲ" ಅಂತ. ಸೋರ್ಸ್ ಇದ್ದು, ಡೆಸ್ಟಿನೇಶನ್‌ನ ಫೋಲ್ಡರ್ ಇಲ್ಲದಿದ್ದರೂ ಕೊಡುವುದು ಅದೇ ಎರರ್, ಅದೇ ನಂಬರ್, 2. ಎರಡರಲ್ಲಿ ಯಾವುದು ಇಲ್ಲ ಅಂತ ಹೇಳುವುದಿಲ್ಲ. ಪ್ರಯೋಗದ ಫೋಲ್ಡರಿನಲ್ಲಿ ಏಜೆಂಟ್ ಈ ಎರರ್ ಬಂದಾಗಲೆಲ್ಲ ಸೋರ್ಸ್ ಪಾತ್ ತಪ್ಪಿದೆ ಅಂತ ತಿಳಿದು, ಕಣ್ಣೆದುರಿಗೇ ಇದ್ದ ಫೈಲನ್ನು ಬೇರೆ ಫೋಲ್ಡರ್‌ಗಳಲ್ಲಿ ಹುಡುಕುತ್ತಿತ್ತು. ನಿಜವಾಗಿ ಇಲ್ಲದಿದ್ದದ್ದು ಹೋಗಬೇಕಾದ ಫೋಲ್ಡರ್. ಈಗ ಟೂಲ್ ಎರಡನ್ನೂ ಬೇರೆ ಬೇರೆಯಾಗಿ ನೋಡಿ ಹೇಳುತ್ತದೆ: "ಸೋರ್ಸ್ ಫೈಲ್ ಇದೆ. ಆದರೆ ಡೆಸ್ಟಿನೇಶನ್‌ನ ಫೋಲ್ಡರ್ ಇಲ್ಲ. ಮೊದಲು ಫೋಲ್ಡರ್ ಮಾಡಿ, ಆಮೇಲೆ ಮೂವ್ ಮಾಡಿ." ಈ ಸಂದೇಶ ಬಂದ ಮೇಲೆ ಏಜೆಂಟ್ ನೇರವಾಗಿ ಫೋಲ್ಡರ್ ಮಾಡಿ ಕೆಲಸ ಮುಗಿಸುತ್ತದೆ. ಇಲ್ಲದ ಫೋಲ್ಡರನ್ನು ಟೂಲೇ ಮಾಡಿಬಿಟ್ಟರೆ ಆಗುವುದಿಲ್ಲವೇ ಅಂತ ಕೇಳಿದವರೂ ಇದ್ದರು. ಪಾತ್‌ನಲ್ಲಿ ಒಂದಕ್ಷರ ತಪ್ಪಾಗಿದ್ದರೆ ತಪ್ಪು ಹೆಸರಿನ ಹೊಸ ಫೋಲ್ಡರ್ ಹುಟ್ಟಿಕೊಂಡು ಫೈಲ್ ಅದರೊಳಗೆ ಕಾಣೆಯಾಗುತ್ತದೆ. ಬೇಡ ಅಂದೆವು.

ಇನ್ನೊಂದು, ಒಂದೇ ಕರೆ ಎರಡು ಸಲ ಬರುವುದು. ನೆಟ್‌ವರ್ಕ್ ನಿಧಾನವಾಗಿ ಉತ್ತರ ತಲುಪದಿದ್ದರೆ ಏಜೆಂಟ್ ಅದೇ ಮೂವನ್ನು ಮತ್ತೆ ಕೇಳುತ್ತದೆ. ಓದುವ ಟೂಲಿಗೆ ಇದರಿಂದ ಏನೂ ಆಗುವುದಿಲ್ಲ. ಮೂವ್‌ಗೆ ಆಗುತ್ತದೆ. ಮೊದಲ ಕರೆ ಕೆಲಸ ಮುಗಿಸಿದ್ದರೆ ಎರಡನೇ ಕರೆಗೆ ಸೋರ್ಸ್ ಇರುವುದಿಲ್ಲ. "ಸೋರ್ಸ್ ಇಲ್ಲ" ಅಂತ ಮಾತ್ರ ಹೇಳಿದರೆ ಏಜೆಂಟ್ ಫೈಲ್ ಕಳೆದುಹೋಗಿದೆ ಅಂತ ತಿಳಿಯುತ್ತದೆ. ಕೆಲವು ಸಲ ಕಳೆದುಹೋದ ಫೈಲನ್ನು ತಾನೇ ಮತ್ತೆ ಬರೆಯಲು ಹೊರಟಿದ್ದನ್ನು ನೋಡಿದ್ದೇನೆ. ಅದು ನಿಜಕ್ಕೂ ಹೆದರಿಸುವ ಸಂಗತಿ, ಯಾಕಂದರೆ ಅದು ಬರೆಯುವುದು ಫೈಲಿನಲ್ಲಿ ಇದ್ದದ್ದನ್ನಲ್ಲ, ಇದ್ದಿರಬಹುದು ಅಂತ ಊಹಿಸಿದ್ದನ್ನು. ಈಗ ಸಂದೇಶ ಹೀಗಿದೆ: "ಸೋರ್ಸ್ ಇಲ್ಲ, ಡೆಸ್ಟಿನೇಶನ್‌ನಲ್ಲಿ ಒಂದು ಫೈಲ್ ಇದೆ. ಈ ಮೂವ್ ಹಿಂದೆಯೇ ಮುಗಿದಿರಬಹುದು. ಮತ್ತೆ ಪ್ರಯತ್ನಿಸುವ ಮುಂಚೆ ಡೆಸ್ಟಿನೇಶನ್ ಫೈಲನ್ನು ಓದಿ ನೋಡಿ." ಇಲ್ಲಿ "ಮುಗಿದಿದೆ" ಅಂತ ಖಚಿತವಾಗಿ ಹೇಳಲು ಟೂಲಿಗೆ ಸಾಧ್ಯವಿಲ್ಲ. ಅಲ್ಲಿರುವುದು ಬೇರೆ ಫೈಲೂ ಆಗಿರಬಹುದು. ಹಾಗಾಗಿ ಗೊತ್ತಿರುವಷ್ಟನ್ನೇ ಹೇಳಿ, ಹೇಗೆ ತಿಳಿದುಕೊಳ್ಳಬೇಕು ಅಂತ ದಾರಿ ತೋರಿಸುವುದು ಸರಿ ಅನ್ನಿಸಿತು.

ಕನ್ನಡದ ಹೆಸರಿರುವ ಫೈಲ್‌ಗಳ ಮೇಲೂ ಪ್ರಯೋಗ ಮಾಡಿದೆ. ಇಂಥದ್ದನ್ನು ಬೇರೆಯವರು ನಮಗಾಗಿ ಪರೀಕ್ಷೆ ಮಾಡುವುದು ಅಪರೂಪ, ನಾವೇ ಮಾಡಬೇಕು. "ಕೊನೆಯ ವರದಿ" ಅನ್ನುವ ಫೈಲ್ ಪಟ್ಟಿಯಲ್ಲಿ ಕಾಣುತ್ತದೆ. ಏಜೆಂಟ್ ಅದೇ ಹೆಸರು ಕೊಟ್ಟು ಮೂವ್ ಕೇಳುತ್ತದೆ. ಫೈಲ್ ಇಲ್ಲ ಅಂತ ಎರರ್. ಪರದೆಯ ಮೇಲೆ ಎರಡೂ ಹೆಸರು ಒಂದೇ ಥರ ಕಾಣುತ್ತವೆ. ಬೈಟ್‌ಗಳನ್ನು ತೆಗೆದು ನೋಡಿದರೆ ಬೇರೆ ಬೇರೆ. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಸರಿ, ಎರಡಕ್ಕೂ ಬೆಲೆ ಒಂದೇ ಅಂತ ಯುನಿಕೋಡ್ ಹೇಳುತ್ತದೆ. ಆದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಫೈಲ್ ಸಿಸ್ಟಮ್ ತನ್ನ ಮಾಮೂಲಿ ಸ್ಥಿತಿಯಲ್ಲಿ ಬೈಟ್ ಮಾತ್ರ ನೋಡುತ್ತದೆ, ಅದಕ್ಕೆ ಇವು ಎರಡು ಬೇರೆ ಹೆಸರು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಬಂದ ಫೈಲ್ ಹೀಗೆ ಬಿಡಿಸಿದ ಹೆಸರಿನಲ್ಲೇ ಇರುವ ಸಾಧ್ಯತೆ ಇದೆ. ಏಜೆಂಟ್ ಹೆಸರನ್ನು ನಕಲು ಮಾಡುವುದಿಲ್ಲ, ಹೊಸದಾಗಿ ಬರೆಯುತ್ತದೆ. ಬರೆಯುವಾಗ ಸಾಮಾನ್ಯವಾಗಿ ಕೂಡಿಸಿದ ರೂಪವನ್ನೇ ಬರೆಯುತ್ತದೆ.

ಇದನ್ನು ವಿವರಣೆಯಲ್ಲಿ ಬರೆದು ಪ್ರಯೋಜನವಿಲ್ಲ. ಏಜೆಂಟಿಗೆ ಆ ವ್ಯತ್ಯಾಸ ಕಂಡರೂ ಅದನ್ನು ತಪ್ಪದೆ ಬರೆಯುತ್ತದೆ ಅಂತ ನೆಚ್ಚಿಕೊಳ್ಳಲು ಆಗುವುದಿಲ್ಲ. ಟೂಲ್ ಒಳಗೇ ಪರಿಹಾರ ಮಾಡಿದೆವು: ಕೊಟ್ಟ ಹೆಸರು ಸಿಗದಿದ್ದರೆ ಅದೇ ಬೆಲೆಯ ಇನ್ನೊಂದು ರೂಪದಲ್ಲಿ ಹುಡುಕುತ್ತದೆ, ಒಂದೇ ಒಂದು ಸಿಕ್ಕರೆ ಅದನ್ನು ಬಳಸುತ್ತದೆ, ಎರಡು ಸಿಕ್ಕರೆ ನಿಲ್ಲುತ್ತದೆ. ಹೆಸರಿನ ಉದ್ದಕ್ಕೂ ಹೀಗೇ ಒಂದು ಮಿತಿ ಇದೆ. ಎಕ್ಸ್ಟ್4ರಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. "ಕ್ಷ" ಬರೆಯಲು ಮೂರು ಸಂಕೇತ, ಅಂದರೆ 9 ಬೈಟ್. 85 ಸಂಕೇತಕ್ಕೆ ಹೆಸರು ತುಂಬಿಹೋಗುತ್ತದೆ. ಫೈಲಿಗೆ ಇಡೀ ವಾಕ್ಯವನ್ನೇ ಹೆಸರಾಗಿ ಇಡುವ ಅಭ್ಯಾಸ ಏಜೆಂಟ್‌ಗಳಿಗೆ ಇದೆ. ಹಾಗಾಗಿ "ಹೆಸರು ಉದ್ದವಾಯಿತು" ಅನ್ನುವ ಎರರ್‌ನಲ್ಲಿ ಈಗ ಎಷ್ಟು ಬೈಟ್ ಕಡಿಮೆ ಮಾಡಬೇಕು ಅನ್ನುವ ಲೆಕ್ಕವೂ ಇದೆ.

ಮ್ಯಾಕ್, ವಿಂಡೋಸ್‌ಗಳಲ್ಲಿ ಇಂಗ್ಲಿಷ್ ಹೆಸರಿನ ದೊಡ್ಡಕ್ಷರವನ್ನು ಸಣ್ಣಕ್ಷರ ಮಾಡಲು ಹೋದರೆ "ಡೆಸ್ಟಿನೇಶನ್ ಈಗಾಗಲೇ ಇದೆ" ಅಂತ ಬರುವ ತೊಂದರೆಯೂ ಇತ್ತು. ಅಲ್ಲಿ ಮಾಮೂಲಿಯಾಗಿ ಎರಡೂ ಒಂದೇ ಹೆಸರು ಅಂತ ಲೆಕ್ಕ. ಎರಡೂ ಪಾತ್ ಒಂದೇ ಫೈಲನ್ನು ತೋರಿಸುತ್ತಿವೆಯೇ ಅಂತ ನೋಡಿ, ಹಾಗಿದ್ದರೆ ಹೆಸರು ಬದಲಿಸಲು ಬಿಡುವ ಹಾಗೆ ಕೋಡ್ ತಿದ್ದಿದ್ದಾಯಿತು.

ಯಾವ ಫೋಲ್ಡರ್‌ಗಳಲ್ಲಿ ಕೆಲಸ ಮಾಡಬಹುದು ಅನ್ನುವ ಮಿತಿಯ ಬಗ್ಗೆ ಬರೆಯುವಾಗ ನನಗೆ ಒಂದು ವಿಷಯದಲ್ಲಿ ಗಟ್ಟಿ ಅಭಿಪ್ರಾಯ ಬಂತು. ಟೂಲಿಗೆ ಕೊಟ್ಟ ಫೋಲ್ಡರ್‌ಗಳ ಹೊರಗೆ ಅದು ಮೂವ್ ಮಾಡಬಾರದು. ಇದನ್ನು ಕೋಡಿನಲ್ಲಿ ನೋಡುವುದು ಕೇಳಿದಷ್ಟು ಸುಲಭವಲ್ಲ. ಪಾತ್‌ನ ಶುರುವಿನ ಅಕ್ಷರಗಳು ಹೊಂದುತ್ತವೆಯೇ ಅಂತ ಮಾತ್ರ ನೋಡಿದರೆ "ಡೇಟಾ" ಫೋಲ್ಡರಿಗೆ ಅನುಮತಿ ಇದ್ದಾಗ "ಡೇಟಾ-ಖಾಸಗಿ" ಕೂಡ ಒಳಗೆ ಬಂದುಬಿಡುತ್ತದೆ. ಅನುಮತಿ ಇರುವ ಫೋಲ್ಡರ್ ಒಳಗಿನ ಸಿಂಬಾಲಿಕ್ ಲಿಂಕ್ (ಬೇರೆ ಪಾತ್‌ನ ಕಡೆ ಬೊಟ್ಟು ಮಾಡುವ ಫೈಲ್) ಹೊರಗಿನ ಜಾಗವನ್ನು ತೋರಿಸುತ್ತಿದ್ದರೆ ಆ ದಾರಿಯಲ್ಲೂ ಹೊರಗೆ ಹೋಗಬಹುದು. ಹಾಗಾಗಿ ಲಿಂಕ್‌ಗಳನ್ನೆಲ್ಲ ಬಿಡಿಸಿ ನಿಜವಾದ ಪಾತ್ ತೆಗೆದು, ಒಂದೊಂದು ಭಾಗವನ್ನೂ ಹೋಲಿಸಬೇಕು.

ಇದೆಲ್ಲ ಆದ ಮೇಲೂ ಪ್ರಯೋಗದಲ್ಲಿ ಒಂದು ಘಟನೆ ನಡೆಯಿತು. ಮೂವ್ ಟೂಲ್ ಆಗಲ್ಲ ಅಂದ ಕೂಡಲೇ ಏಜೆಂಟ್ ತನಗಿದ್ದ, ಕಮಾಂಡ್ ಓಡಿಸುವ ಶೆಲ್ ಟೂಲಿಗೆ ಹೋಗಿ ಎಂವಿ ಹೊಡೆಯಿತು. ಅದಕ್ಕೆ ತಾನು ಏನೋ ಕದ್ದು ಮಾಡುತ್ತಿದ್ದೇನೆ ಅನ್ನುವ ಭಾವನೆ ಇದ್ದ ಹಾಗೆ ಕಾಣಲಿಲ್ಲ, ಒಂದು ದಾರಿ ಮುಚ್ಚಿದೆ, ಇನ್ನೊಂದು ನೋಡೋಣ ಅಷ್ಟೇ. ವಿವರಣೆಯಲ್ಲಿ "ನಿರಾಕರಿಸಿದರೆ ಬೇರೆ ದಾರಿ ಹುಡುಕಬೇಡಿ, ಬಳಕೆದಾರರನ್ನು ಕೇಳಿ" ಅಂತ ಬರೆದೆ. ಅದರಿಂದ ಕಡಿಮೆಯಾಯಿತು, ನಿಲ್ಲಲಿಲ್ಲ. ಇದನ್ನು ಬರವಣಿಗೆಯಿಂದ ತಡೆಯಲು ಸಾಧ್ಯವಿಲ್ಲ ಅಂತ ತಂಡಕ್ಕೆ ಸ್ಪಷ್ಟವಾಗಿ ಹೇಳಿದೆ. ಮುಟ್ಟಬಾರದ ಫೈಲನ್ನು ಮುಟ್ಟದಂತೆ ಮಾಡಬೇಕಾದದ್ದು ಆಪರೇಟಿಂಗ್ ಸಿಸ್ಟಮ್‌ನ ಅನುಮತಿ ಮತ್ತು ಸ್ಯಾಂಡ್‌ಬಾಕ್ಸ್ (ಪ್ರೋಗ್ರಾಮನ್ನು ಬೇಲಿಯೊಳಗೆ ಓಡಿಸುವ ವ್ಯವಸ್ಥೆ). ವಿವರಣೆಯಲ್ಲಿ ಬರೆದಿದ್ದೇವಲ್ಲ ಅಂತ ಆ ಕೆಲಸವನ್ನು ಮುಂದೂಡಲು ಬಿಡಬಾರದು.

ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ಟೂಲ್‌ಗಳಿಗೆ ಸಣ್ಣ ಸೂಚನೆಗಳನ್ನು ಅಂಟಿಸಬಹುದು: ಇದು ಬರೀ ಓದುವ ಟೂಲೇ, ಹಾಳು ಮಾಡಬಲ್ಲದ್ದೇ, ಎರಡು ಸಲ ಕರೆದರೂ ಪರಿಣಾಮ ಅಷ್ಟೇ ಇರುತ್ತದೆಯೇ ಅಂತ. ಬಳಕೆದಾರರನ್ನು ಕೇಳಿ ಮುಂದುವರಿಯಬೇಕೇ ಬೇಡವೇ ಅಂತ ತೀರ್ಮಾನಿಸಲು ಆ್ಯಪ್‌ಗಳು ಇದನ್ನು ಬಳಸಬಹುದು. ಇವು ಸೂಚನೆ ಮಾತ್ರ, ಗ್ಯಾರಂಟಿ ಅಲ್ಲ ಅಂತ ಸ್ಪೆಸಿಫಿಕೇಶನ್ನೇ ಹೇಳುತ್ತದೆ. ಓವರ್‌ರೈಟ್ ಮಾಡುವುದಿಲ್ಲವಲ್ಲ, ಹಾಳು ಮಾಡುವುದಿಲ್ಲ ಅಂತ ಹಾಕೋಣ ಅನ್ನುವ ಸಲಹೆ ಬಂತು. ನಾನು ಒಪ್ಪಲಿಲ್ಲ. ಇದ್ದ ಜಾಗದಲ್ಲಿ ಫೈಲ್ ಇಲ್ಲವಾಗುತ್ತದೆ. ಆ ಪಾತ್‌ನ ಮೇಲೆ ನಿಂತ ಪ್ರೋಗ್ರಾಮ್ ಮುರಿಯುತ್ತದೆ. ಫೈಲ್ ಡಿಸ್ಕ್‌ನಲ್ಲಿ ಎಲ್ಲೋ ಇದೆ ಅನ್ನುವುದು ಅದನ್ನು ಹುಡುಕುತ್ತಿರುವವರಿಗೆ ಸಮಾಧಾನ ಕೊಡುವುದಿಲ್ಲ.

ಇದರಿಂದಲೇ ಇನ್ನೊಂದು ವಾಕ್ಯ ಹುಟ್ಟಿತು: "ಈ ಟೂಲ್ ಮೂವ್ ಮಾತ್ರ ಮಾಡುತ್ತದೆ. ಹಳೆಯ ಪಾತನ್ನು ಬಳಸುವ ಕೋಡ್, ಲಿಂಕ್, ಸೆಟ್ಟಿಂಗ್‌ಗಳನ್ನು ತಿದ್ದುವುದಿಲ್ಲ." ಗೊತ್ತಿರೋದೇ ಅಲ್ವಾ ಅಂತ ಮೊದಲು ಬಿಟ್ಟಿದ್ದ ವಾಕ್ಯ ಇದು. ಸೇರಿಸಿದ ಮೇಲೆ ಏಜೆಂಟ್‌ನ ನಡವಳಿಕೆ ಕಣ್ಣಿಗೆ ಕಾಣುವಂತೆ ಬದಲಾಯಿತು. ಮೂವ್ ಆದ ಕೂಡಲೇ ಹಳೆಯ ಹೆಸರು ಎಲ್ಲೆಲ್ಲಿದೆ ಅಂತ ಹುಡುಕಿ ತಿದ್ದಲು ಶುರು ಮಾಡಿತು. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಬಳಸುವವರಿಗಾಗಿ ಮನುಷ್ಯರ ಕೈಪಿಡಿಯಲ್ಲಿ ಇನ್ನೊಂದು ಮಾತು ಸೇರಿಸಿದೆ. ಗಿಟ್ ಮೂವನ್ನು ಬೇರೆಯಾಗಿ ದಾಖಲಿಸಿಕೊಳ್ಳುವುದಿಲ್ಲ. ಅಳಿಸಿದ ಫೈಲೂ ಹೊಸ ಫೈಲೂ ಎಷ್ಟು ಹೋಲುತ್ತವೆ ಅಂತ ನೋಡಿ, ಮಾಮೂಲಿಯಾಗಿ 50 ಶೇಕಡಕ್ಕಿಂತ ಜಾಸ್ತಿ ಹೋಲಿಕೆ ಇದ್ದರೆ ಹೆಸರು ಬದಲಾಗಿದೆ ಅಂತ ಊಹಿಸುತ್ತದೆ. ಮೂವ್ ಮಾಡಿದ ಫೈಲನ್ನು ಅದೇ ಕಮಿಟ್‌ನಲ್ಲಿ (ಒಮ್ಮೆಗೆ ದಾಖಲಿಸುವ ಬದಲಾವಣೆಗಳ ಕಟ್ಟಿನಲ್ಲಿ) ಅರ್ಧಕ್ಕಿಂತ ಜಾಸ್ತಿ ತಿದ್ದಿದರೆ ಅದರ ಇತಿಹಾಸದ ಎಳೆ ತಪ್ಪಿಹೋಗುತ್ತದೆ. ಮೂವ್ ಒಂದು ಕಮಿಟ್, ತಿದ್ದುಪಡಿ ಇನ್ನೊಂದು ಕಮಿಟ್ ಆದರೆ ಒಳ್ಳೆಯದು.

ಕೊನೆಗೆ ಏಜೆಂಟಿಗೆ ಕಾಣುವ ವಿವರಣೆ ಇಷ್ಟಕ್ಕೆ ಬಂದು ನಿಂತಿತು:

"ಒಂದು ಫೈಲ್ ಅಥವಾ ಫೋಲ್ಡರನ್ನು ಮೂವ್ ಮಾಡುತ್ತದೆ ಅಥವಾ ಅದರ ಹೆಸರು ಬದಲಿಸುತ್ತದೆ. ಡೆಸ್ಟಿನೇಶನ್ ಅಂದರೆ ಹೆಸರೂ ಸೇರಿದ ಪೂರ್ತಿ ಹೊಸ ಪಾತ್, ಫೋಲ್ಡರ್ ಮಾತ್ರ ಕೊಡಬೇಡಿ. ಡೆಸ್ಟಿನೇಶನ್‌ನಲ್ಲಿ ಏನಾದರೂ ಇದ್ದರೆ ಮೂವ್ ಆಗುವುದಿಲ್ಲ, ಇರುವುದನ್ನು ಎಂದಿಗೂ ಅಳಿಸುವುದಿಲ್ಲ. ಹೋಗಬೇಕಾದ ಫೋಲ್ಡರ್ ಮೊದಲೇ ಇರಬೇಕು. ಮೂವ್ ಪೂರ್ತಿಯಾಗದಿದ್ದರೆ ಮೂಲ ಫೈಲ್ ಇದ್ದಲ್ಲೇ ಇರುತ್ತದೆ. ಹಳೆಯ ಪಾತನ್ನು ಬಳಸುವ ಕೋಡ್, ಲಿಂಕ್, ಸೆಟ್ಟಿಂಗ್‌ಗಳನ್ನು ತಿದ್ದುವುದಿಲ್ಲ. ನಿರಾಕರಿಸಿದರೆ ಬೇರೆ ದಾರಿ ಹುಡುಕಬೇಡಿ, ಬಳಕೆದಾರರನ್ನು ಕೇಳಿ."

ಹಳೆಯ ವರದಿಗಳ ಪ್ರಯೋಗವನ್ನು ಈ ವಿವರಣೆಯ ಜೊತೆ ಮತ್ತೆ ಓಡಿಸಿದೆ. ಏಜೆಂಟ್ ಮೊದಲು ಆರ್ಕೈವ್ ಫೋಲ್ಡರ್ ಮಾಡಿತು. ಆಮೇಲೆ ಪ್ರತಿ ವರದಿಗೂ ಹೆಸರು ಸೇರಿಸಿ ಪೂರ್ತಿ ಪಾತ್ ಕೊಟ್ಟಿತು. ಎಲ್ಲವೂ ಒಳಗೆ ಬಂದು ಕೂತವು.

ಈಗ ಹಲವು ಫೈಲ್‌ಗಳನ್ನು ಒಂದೇ ಕರೆಯಲ್ಲಿ ಮೂವ್ ಮಾಡುವ ಟೂಲ್ ಬೇಕು ಅಂತ ಕೇಳುತ್ತಿದ್ದಾರೆ. ಈ ಸಲ ಕೋಡ್‌ಗಿಂತ ಮೊದಲು ವಿವರಣೆ ಬರೆಯಲು ಕೂತಿದ್ದೇವೆ, ನಾನೂ ಅದೇ ಸಹೋದ್ಯೋಗಿಯೂ. ಮೂರನೇ ವಾಕ್ಯ ಇನ್ನೂ ಬಂದಿಲ್ಲ. ಹತ್ತು ಫೈಲ್‌ಗಳಲ್ಲಿ ನಾಲ್ಕನೆಯದು ಹೋಗದಿದ್ದರೆ ಮೊದಲ ಮೂರನ್ನು ವಾಪಸ್ ತರಬೇಕು ಅಂತ ಅವರು. ವಾಪಸ್ ತರುವಾಗ ಹಳೆಯ ಜಾಗದಲ್ಲಿ ಬೇರೆ ಫೈಲ್ ಬಂದು ಕೂತಿದ್ದರೆ ಏನು ಮಾಡ್ತೀರಿ ಅಂತ ನಾನು. ಅಲ್ಲೇ ನಿಲ್ಲಿಸಿ, ಹೋಗಿದ್ದು ಯಾವುದು, ಹೋಗದೆ ಉಳಿದಿದ್ದು ಯಾವುದು ಅಂತ ಪಟ್ಟಿ ಕೊಟ್ಟರೆ ಸಾಕು ಅನ್ನುವುದು ನನ್ನ ವಾದ. ಅವರು ಇನ್ನೂ ಒಪ್ಪಿಲ್ಲ.